ಅಪ್ಪಾಜಿ, ತೋಟ ಮಾರೋ ಮಾತು ಬೇಡ

ಶಾರ್ಜಾ, ಭಾನುವಾರ

ಅಪ್ಪಾಜಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದೀವಿ, ನೀವೂ ಅಮ್ಮನೂ ಹುಷಾರಾಗಿದೀರ ಅನ್ಕೊಂಡಿದೀನಿ. ನಿಮ್ಮ ಕಾಗದದ ಫೋಟೋ ತೆಗೆದು ಮಂಜ ವಾಟ್ಸಾಪಲ್ಲಿ ಕಳ್ಸಿದ್ದ, ಎರಡನೇ ಪುಟ ಅರ್ಧ ಕಟ್ಟಾಗಿದೆ, ಆದ್ರೂ ಚಿನ್ನಿ ಫೀಸಿಗೆ ಕೆಳಗಿನ ತೋಟ ಮಾರ್ತೀನಿ ಅಂತ ಬರ್ದಿರೋದು ಮಾತ್ರ ಚೆನ್ನಾಗೇ ಕಾಣಿಸ್ತು. ಅದಕ್ಕೆ ಬರ್ತೀನಿ ಇರಿ, ಮೊದ್ಲು ಸ್ಕೂಲಿನ ವಿಷಯ ಹೇಳ್ಬಿಡ್ತೀನಿ, ಕೇಳಿದ್ದಕ್ಕೆ ಉತ್ತರ ಕೊಡದಿದ್ರೆ ಹೆಡ್ಮಾಸ್ಟ್ರು ಮುಂದಕ್ಕೆ ಓದಲ್ಲ.

ಚಿನ್ನಿಗೆ ರ‍್ಯಾಂಕ್ ಇಲ್ಲ. ಇವಳಿಗೆ ಅಂತಲ್ಲ, ಅಲ್ಲಿ ಯಾರಿಗೂ ಇಲ್ಲ. ಐಬಿ, ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್, ಅದರ ಡಿಪ್ಲೊಮಾ ಅಂದ್ರೆ ನಮ್ಮ ಪಿಯುಸಿ ಥರ ಎರಡು ವರ್ಷದ್ದೇ, ಡಿಪ್ಲೊಮಾ ಅಂತ ಹೆಸರಿದೆ ಅಂತ ಮೊಮ್ಮಗಳು ಪಾಲಿಟೆಕ್ನಿಕ್ ಸೇರಿದಾಳೆ ಅಂತ ತಿಪಟೂರೆಲ್ಲ ಹೇಳ್ಕೊಂಡು ಬರ್ಬೇಡಿ. 1968ರಲ್ಲಿ ಜಿನೀವಾದಲ್ಲಿ ಶುರುವಾದ ಬೋರ್ಡು ಇದು. ಆರು ಸಬ್ಜೆಕ್ಟು, ಒಂದೊಂದಕ್ಕೂ ಏಳೇ ಏಳು, ಅಲ್ಲಿಗೆ 42, ಮೇಲೆ 3 ಸೇರಿ ಒಟ್ಟು 45, ಪಾಸಾಗಕ್ಕೆ ಕಮ್ಮಿ ಅಂದ್ರೂ 24 ಬೇಕು. ಜೀವಮಾನ ಪೂರ್ತಿ 625ಕ್ಕೆ ಎಷ್ಟು ಅಂತ ಕೇಳ್ದೋರಿಗೆ 45ಕ್ಕೆ 36 ಅಂದ್ರೆ ಮುಖ ಸಿಂಡರಿಸೋ ಹಾಗಾಗುತ್ತೆ ಗೊತ್ತು, ಆದ್ರೆ 36 ಅಂದ್ರೆ ಒಳ್ಳೇ ಸ್ಕೋರೇ. ಊರಿಗೆ ಬಂದ್ರೆ ನಡೆಯುತ್ತಾ ಅಂತ ಕೇಳಿದೀರ, ನಡೆಯುತ್ತೆ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದವ್ರು ಇದನ್ನ ಹನ್ನೆರಡನೇ ಕ್ಲಾಸಿಗೆ ಸಮ ಅಂತ ಒಪ್ಪಿದಾರೆ. ಈ ಐಬೀಲಿ ಥಿಯರಿ ಆಫ್ ನಾಲೆಡ್ಜ್ ಅಂತೊಂದಿದೆ, ನಿನಗೆ ಗೊತ್ತು ಅನ್ನೋದು ನಿನಗೆ ಹೆಂಗೆ ಗೊತ್ತು ಅಂತ ಕೇಳೋದೇ ಪಾಠ. ಮನೇಲಿ ಈಗ ಬಾಯಿ ಬಿಡಂಗಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಇವ್ರು ಅಂದ್ರೆ ಎವಿಡೆನ್ಸ್ ಏನಪ್ಪ ಅಂತಾಳೆ.

ಇನ್ನು ನೀವು ಕೆಂಪು ಪೆನ್ನಲ್ಲಿ ಬರ್ದಿದ್ದು, ಅಷ್ಟು ಫೀಸು ಕಟ್ಟಿ ಈಜು ನಾಟಕ ಮಾಡಿಸ್ತೀರಾ ಅಂತ. ಅಪ್ಪಾಜಿ, ಅದು ಆಟ ಅಲ್ಲ, ಕ್ಯಾಸ್ ಅಂತಾರೆ, ಕ್ರಿಯೇಟಿವಿಟಿ, ಆಕ್ಟಿವಿಟಿ, ಸರ್ವಿಸ್. ಹದಿನೆಂಟು ತಿಂಗಳು ಮಾಡ್ಬೇಕು, ಮಾರ್ಕ್ಸ್ ಒಂದೂ ಇಲ್ಲ, ಮಾಡದಿದ್ರೆ ಮಾತ್ರ ಡಿಪ್ಲೊಮಾನೇ ಕೈಗೆ ಬರಲ್ಲ. ನೀವು ಶನಿವಾರ ಶ್ರಮದಾನ ಅಂತ ಹೊಂಗೆ ಗಿಡ ನೆಡಿಸಿ, ನೀರು ಹಾಕದವರಿಗೆ ಟಿಸಿ ಕೊಡಲ್ಲ ಅಂತ ಹೆದರಿಸ್ತಿದ್ರಲ್ಲ, ಹೆಚ್ಚುಕಮ್ಮಿ ಅದೇ. ಇಲ್ಲಿ ಮಾಡಿದ್ಮೇಲೆ ಏನನ್ನಿಸ್ತು ಅಂತ ಬರ್ದು ಅಪ್‌ಲೋಡ್ ಬೇರೆ ಮಾಡ್ಬೇಕು, ಗಿಡ ನೆಟ್ಟು ಏನನ್ನಿಸ್ತು ಅಂತ ನೀವಂತೂ ಯಾರನ್ನೂ ಕೇಳಿರ್ಲಿಲ್ಲ ಬಿಡಿ.

ಇವಳು ಈಜು, ಸಣ್ಣ ಕ್ಲಾಸ್ ಮಕ್ಕಳಿಗೆ ಓದಿಸೋದು, ಆಮೇಲೆ ಮಾಡೆಲ್ ಯುನೈಟೆಡ್ ನೇಷನ್ಸ್, ಮಕ್ಕಳೇ ಒಂದೊಂದು ದೇಶದ ಪರ ಮಾತಾಡೋ ಅಣಕು ವಿಶ್ವಸಂಸ್ಥೆ. ಅದರಲ್ಲಿ ನಮ್ಮ ಚಿನ್ನಿ ಬ್ರೆಜಿಲ್. ಅಮೆಜಾನ್ ಕಾಡಿನ ಬಗ್ಗೆ ಫ್ರಾನ್ಸ್ ಜೊತೆ ಎಂಥಾ ಜಗಳ ಅಂತೀರ, ಫ್ರಾನ್ಸ್ ಅಂದ್ರೆ ಕೊಚ್ಚಿ ಕಡೆ ಹುಡುಗ, ಮನೆಗೆ ಬಂದು ಉಪ್ಪಿಟ್ಟು ತಿನ್ಕೊಂಡು ಹೋಗ್ತಾನೆ. ಇಂಟರ್‌ನ್ಯಾಷನಲ್ ಡೇ ದಿನ ಎಲ್ಲ ದೇಶದೋರು ಸ್ಟಾಲ್ ಹಾಕಿದ್ರು, ಇಂಡಿಯಾ ಸ್ಟಾಲಿಗೆ ನಾನು ತಟ್ಟೆ ಇಡ್ಲಿ ಮಾಡಿ ಕಳ್ಸಿದೆ, ಚಿನ್ನಿ ಕ್ಯಾತ್ಸಂದ್ರ ಅಂತ ಕನ್ನಡದಲ್ಲಿ ಬೋರ್ಡು ಬರೆದು ನಿಲ್ಲಿಸಿದ್ಲು, ಉಳಿದವ್ರು ತಂದಿದ್ದ ಪನೀರ್ ಹಾಗೇ ಇತ್ತು ನಮ್ಮ ಪಾತ್ರೆ ಖಾಲಿ. ಒಂಬತ್ತನೇ ಕ್ಲಾಸ್ ತನಕ ಅರೇಬಿಕ್ ಇಲ್ಲಿ ಕಡ್ಡಾಯ, ಹಾಗಾಗಿ ಬಲದಿಂದ ಎಡಕ್ಕೂ ಬರೀತಾಳೆ, ಕನ್ನಡ ಮರ್ತಿಲ್ಲ, ಅಮ್ಮ ಸುಮ್ನೆ ಕೊರಗೋದು ಬೇಡ.

ನಿಮಗೆ ಖುಷಿ ಆಗೋದೊಂದಿದೆ. ನಾಲ್ಕು ಸಾವಿರ ಪದದ ಒಂದು ಪ್ರಬಂಧ ಬರೀಬೇಕು ಎಲ್ಲರೂ, ಇವಳು ಭೂಗೋಳದಲ್ಲಿ ತಗೊಂಡಿರೋದು ಪಾವಗಡದ ಸೋಲಾರ್ ಪಾರ್ಕು. 2,050 ಮೆಗಾವ್ಯಾಟು, ಸುಮಾರು 13,000 ಎಕರೆ, ಜಮೀನು ರೈತರ ಹೆಸರಲ್ಲೇ ಇಟ್ಟು ಎಕರೆಗೆ ವರ್ಷಕ್ಕೆ 21,000 ಅಂತ ಗುತ್ತಿಗೆಗೆ ಶುರು ಮಾಡಿದ್ದು. ಯಾರೂ ಮಾರ್ಲಿಲ್ಲ ಕಣಮ್ಮ, ಅದೇ ಇಂಟರೆಸ್ಟಿಂಗ್ ಅಂತಾಳೆ. ಮಳೆ ಕಾಣದ ಪಾವಗಡದವ್ರೇ ಮಾರ್ಲಿಲ್ಲ, ಕೆರೆ ಕೆಳಗೆ ಫಲ ಬಿಡೋ ತೆಂಗು ಇಟ್ಕೊಂಡು ನೀವು ಮಾರ್ತೀನಿ ಅಂತೀರ.

ಮಂಜ ಏನು ಹೇಳಿದಾನೋ ನಂಗೊತ್ತಿಲ್ಲ. ಇವ್ರ ಕಂಪನಿ ನಿಲ್ಲಿಸಿರೋದು ಮಕ್ಕಳ ಫೀಸಿನ ಅಲೋವೆನ್ಸ್ ಮಾತ್ರ, ಕೆಲಸ ಇದೆ, ಸಂಬಳ ಬರ್ತಿದೆ, ಹೋದ ತಿಂಗಳದ್ದು ಸ್ವಲ್ಪ ಲೇಟಾಗಿ ಬಂತು ಅಷ್ಟೇ. ಶಾರ್ಜಾಕ್ಕೆ ಬಂದಿದ್ದು ಬಾಡಿಗೆಗೋಸ್ಕರ ಅಲ್ಲ, ಈ ಮನೇಲಿ ಗಾಳಿ ಬೆಳಕು ಚೆನ್ನಾಗಿದೆ. ಬೆಳಿಗ್ಗೆ ಟ್ರಾಫಿಕ್ಕಿಗೆ ಚಿನ್ನಿ ಬೇಗ ಎದ್ದು ಹೊರಡ್ಬೇಕು, ಅದೂ ಒಳ್ಳೇ ಅಭ್ಯಾಸವೇ ತಾನೆ. ಕಾರು ಒಂದೇ ಸಾಕು ಅನ್ನಿಸ್ತು, ಒಂದು ಕೊಟ್ವಿ. ಅಮ್ಮನ ಬಳೆ ಲಾಕರಲ್ಲೇ ಇದೆ, ಯಾರು ಕೇಳಿದ್ರೂ ಹಾಗೇ ಹೇಳಿ. ಫೀಸ್ ವರ್ಷಕ್ಕೆ ಎಷ್ಟು ದಿರ್ಹಮ್ ಅಂತ ನಾನು ಬರೆಯಲ್ಲ, ಬರೆದ್ರೆ ನೀವು ರೂಪಾಯಿಗೆ ಗುಣಿಸ್ತೀರ, ಗುಣಿಸಿದ್ರೆ ಬಿಪಿ ಏರುತ್ತೆ, ಕಂತಲ್ಲಿ ಚೆಕ್ ಕೊಟ್ಟಿದೀವಿ ಅಷ್ಟು ತಿಳ್ಕೊಳ್ಳಿ. ಸಿಬಿಎಸ್‌ಇಗೆ ಹಾಕು ಅಂದ್ರಿ, ಇಲ್ಲಿ ಇಂಡಿಯನ್ ಸ್ಕೂಲ್ ಬೇಕಾದಷ್ಟಿದೆ, ಫೀಸೂ ತೀರಾ ಕಮ್ಮಿ, ನಾನೂ ಯೋಚ್ನೆ ಮಾಡಿದ್ದೆ. ಆದ್ರೆ ಅವು ಶುರುವಾಗೋದು ಏಪ್ರಿಲಲ್ಲಿ, ಇವಳದ್ದು ಆಗಸ್ಟ್ ಕೊನೇಲಿ, ಸಿಲಬಸ್ಸೇ ಬೇರೆ, ಹನ್ನೊಂದು ಮುಗೀತಾ ಬಂದವಳನ್ನ ಮತ್ತೆ ಹನ್ನೊಂದಕ್ಕೆ ಕೂರಿಸ್ಬೇಕಾಗುತ್ತೆ. ಇನ್ನೊಂದು ವರ್ಷ ಹೆಂಗೋ ದಾಟಿಸಿದ್ರೆ ಮುಗೀತು. ನನಗೂ ಒಂದು ನರ್ಸರೀಲಿ ಕೆಲಸ ಸಿಗೋ ಹಾಗಿದೆ, ದುಡ್ಡಿಗಲ್ಲ, ಮನೇಲಿ ಕೂತು ಬೇಜಾರು ಅಂತ.

ಇವ್ರಿಗೆ ನಿಮ್ಮ ಕಾಗದ ತೋರಿಸಿಲ್ಲ. ಮಾವನ ಮನೆ ತೋಟದ ದುಡ್ಡಲ್ಲಿ ಮಗಳ ಫೀಸು ಅಂದ್ರೆ ಊಟ ಬಿಡೋ ಜಾತಿ ಇದು, ನಿಮಗೇ ಗೊತ್ತಲ್ಲ. ಫೋನಲ್ಲೂ ಎತ್ತಬೇಡಿ.

ಈಜು ಬಿಡೋ ಹೊತ್ತಾಯ್ತು, ಕರ್ಕೊಂಡು ಬರ್ಬೇಕು, ಲೇಟಾದ್ರೆ ಆ ವಾಚ್‌ಮನ್ ಮುಖ ನೋಡೋಕಾಗಲ್ಲ. ಅಮ್ಮನ ಮಂಡಿಗೆ ಎಣ್ಣೆ ಹಚ್ಚಿ. ಕೊಬ್ಬರಿ ಈ ಸಲ ಹರಾಜಿಗೆ ಯಾವಾಗ ಹಾಕ್ತೀರ ಮಂಜನ ಕೈಲಿ ತಿಳಿಸಿ. ಆ ಬ್ರೋಕರ್‌ಗೆ ಪಹಣಿ ಕೊಟ್ಟಿದ್ರೆ ನಾಳೆನೇ ವಾಪಸ್ ಇಸ್ಕೊಳ್ಳಿ, ಅಡ್ವಾನ್ಸ್ ಏನೂ ತಗೊಂಡಿಲ್ಲ ತಾನೆ?

ಸುಧಾ