ಕಾರು ಹೋಯಿತೆಂದು ಅಮ್ಮನನ್ನು ನೋಯಿಸಬೇಡ

ಶಿವಮೊಗ್ಗ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನಿದ್ದೆ ಬರಲಿಲ್ಲ. ನೀನು ದುಬೈನಲ್ಲಿರುವಾಗ, ನಂಬಿ ಕೀ ಕೊಟ್ಟಿದ್ದ ಹುಡುಗನೇ ನಿನ್ನ ಕಾರನ್ನು ಮಾರಿಬಿಟ್ಟನಲ್ಲ. ಬೆಳಿಗ್ಗೆ ಎದ್ದವನೇ ನಿಮ್ಮ ಮನೆಗೆ ಹೋಗಿದ್ದೆ. ಶೆಡ್ಡಿನಲ್ಲಿ ಎಣ್ಣೆಯ ಒಂದು ಕಲೆ ಮಾತ್ರ ಉಳಿದಿದೆ. ಕಾರಿನ ಕವರನ್ನು ನೀಟಾಗಿ ಮಡಚಿ ಮೂಲೆಯಲ್ಲಿ ಇಟ್ಟು ಹೋಗಿದ್ದಾನೆ. ಅದನ್ನು ನೋಡಿ ಹೊಟ್ಟೆ ಉರಿಯಿತು.

ಮೊದಲು ನಿನ್ನ ಅಮ್ಮ, ನನ್ನ ಅಕ್ಕನ ವಿಷಯ. 'ಅವನಿಗೆ ಕೀ ಯಾಕೆ ಕೊಟ್ಟೆ' ಅಂತ ನೀನು ರೇಗಿದೆಯಂತೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸು, ಇಲ್ಲದಿದ್ದರೆ ಬ್ಯಾಟರಿ ಹೋಗುತ್ತದೆ ಅಂತ ಹೇಳಿದ್ದು ನೀನೇ ಅಲ್ವಾ? ಅವಳಿಗೆ ಗಾಡಿ ಓಡಿಸಲು ಬರಲ್ಲ. ಮನೆಯಲ್ಲಿ ಊಟ ಮಾಡಿ ಹೋಗುತ್ತಿದ್ದ ಹುಡುಗನನ್ನು ನಂಬಿದಳು. ಸರ್ವೀಸಿಗೆ ಬಿಟ್ಟಿದ್ದೇನೆ ಅಂದ, ಅದನ್ನೂ ನಂಬಿದಳು. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ.

ದೂರಿನಲ್ಲಿ 'ಬೀಗ ಒಡೆದು ಕದ್ದರು' ಅಂತ ಬರೆದರೆ ಇನ್ಶೂರೆನ್ಸ್ ಬೇಗ ಸಿಗುತ್ತದೆ ಅಂತ ನಿನ್ನ ಗೆಳೆಯ ಹೇಳಿದ್ದು ನನಗೆ ಸರಿ ಬರಲಿಲ್ಲ. ಹಾಗೆ ಮಾಡಬೇಡ ಕಣೋ. ಕಂಪನಿಯವರು ಎರಡೂ ಕೀ ಕೇಳುತ್ತಾರೆ. ಒಂದು ಸುಳ್ಳು ಸಿಕ್ಕಿದರೆ ನಿಜವನ್ನೂ ನಂಬುವುದಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯೋಣ. ನಂಬಿ ಕೊಟ್ಟ ವಸ್ತುವನ್ನು ಮಾರಿಕೊಂಡರೆ ಅದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ ಇರುವುದೇ ಅದಕ್ಕೆ. ದೂರನ್ನು ಮಾಲೀಕನೇ ಕೊಡಬೇಕು ಅಂತಿಲ್ಲ, ಅಕ್ಕ ಕೊಡಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸೋಣ.

ಗೊತ್ತಿರುವವನು, ಸುಮ್ನೆ ರಾಜಿ ಮಾಡಿಕೊಳ್ಳೋಣ ಅಂತ ನಿನಗೆ ಅನ್ನಿಸಬಹುದು. ಬೇಡ. ಆರ್‌ಸಿಯಲ್ಲಿ ಇನ್ನೂ ನಿನ್ನ ಹೆಸರಿದ್ದರೆ, ಆ ಕಾರು ನಾಳೆ ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸು ಹುಡುಕಿಕೊಂಡು ಬರುವುದು ನಿನ್ನನ್ನೇ. ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀನು ದುಬೈನಲ್ಲಿದ್ದೆ ಅನ್ನುವುದರಿಂದ ಅದು ತಾನಾಗಿ ತಪ್ಪಿಹೋಗುವುದಿಲ್ಲ.

ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ ನೋಡು. ನಿನ್ನ ಹೆಸರೇ ಇದ್ದರೆ ವರ್ಗಾವಣೆ ತಡೆಯಿರಿ ಅಂತ ಆರ್‌ಟಿಒಗೆ ಪತ್ರ ಕೊಡುತ್ತೇನೆ. ಬದಲಾಗಿದ್ದರೆ ಮಾಲೀಕತ್ವ ವರ್ಗಾವಣೆಗೆ ಕೊಡುವ ಫಾರಂ 29, ಫಾರಂ 30ರ ನಕಲು ಕೇಳುತ್ತೇನೆ. ಅದರಲ್ಲಿ ನಿನ್ನ ಸಹಿ ಇರಲೇಬೇಕು. ಆ ತಾರೀಖಿಗೆ ನೀನು ದೇಶದಲ್ಲೇ ಇರಲಿಲ್ಲ ಅಂತ ಪಾಸ್‌ಪೋರ್ಟಿನ ಮುದ್ರೆ ಹೇಳುತ್ತದೆ. ಆ ಪುಟಗಳ ಫೋಟೋ ಕಳಿಸು. ಟೋಲ್‌ನಲ್ಲಿ ಫಾಸ್ಟ್ಯಾಗ್ ದುಡ್ಡು ಕಟ್ ಆದ ಮೆಸೇಜನ್ನು ಅಳಿಸಬೇಡ. ಪೊಲೀಸರನ್ನು ಕೇಳದೆ ಟ್ಯಾಗ್ ಬಂದ್ ಮಾಡಿಸಲೂ ಬೇಡ. ಕಾರು ಎಲ್ಲಿ ಓಡಾಡುತ್ತಿದೆ ಅಂತ ತಿಳಿಯಲು ಸದ್ಯಕ್ಕೆ ಇರುವುದು ಅದೊಂದೇ.

ಕಾರು ಕೊಂಡವನು ಎರಡನೇ ಕೀ ಕೇಳಿ ಚಿತ್ರದುರ್ಗದಿಂದ ಅಕ್ಕನಿಗೆ ಫೋನ್ ಮಾಡಿದನಲ್ಲ, ಅವನ ಮೇಲೆ ಕೂಗಾಡಬೇಡ. ಅವನೂ ದುಡ್ಡು ಕೊಟ್ಟು ಮೋಸ ಹೋದವನು. ಆದರೆ ಅರ್ಧ ದುಡ್ಡಿಗೆ ಒಪ್ಪಂದ ಅಂತ ಬಂದರೆ ಮಾತಿಗೆ ಸಿಗಬೇಡ. ತನ್ನದಲ್ಲದ್ದನ್ನು ಮಾರಿದವನಿಂದ ಕೊಂಡರೆ ಹಕ್ಕು ಬರುವುದಿಲ್ಲ, ಕಾರು ನಿನ್ನದೇ. ಪೊಲೀಸರು ಹಿಡಿದು ತಂದ ಮೇಲೆ ಕೋರ್ಟಿನಲ್ಲಿ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಅದಕ್ಕೆ ನಿನ್ನ ಪರವಾಗಿ ನಡೆದುಕೊಳ್ಳಲು ನನ್ನ ಹೆಸರಿಗೆ ಒಂದು ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ ಬೇಕು. ಅಲ್ಲಿನ ಭಾರತೀಯ ಕಾನ್ಸುಲೇಟಿನ ಮೂಲಕ ದೃಢೀಕರಿಸಿ ಕಳಿಸು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಅದು ನನ್ನ ಕೆಲಸ.

ರಜೆ ಹಾಕಿ ಓಡಿ ಬರಬೇಡ. ನಾಳೆ ಬೆಳಿಗ್ಗೆ ಅಕ್ಕನ ಜೊತೆ ನಾನು ಠಾಣೆಗೆ ಹೋಗುತ್ತೇನೆ. ಎರಡನೇ ಕೀ ದೇವರ ಮನೆಯ ಡಬ್ಬಿಯಲ್ಲಿ ಸಿಕ್ಕಿತು, ನನ್ನ ಹತ್ತಿರ ಇದೆ. ಈ ಪತ್ರ ಓದಿದ ತಕ್ಷಣ ಅಮ್ಮನಿಗೆ ಫೋನ್ ಮಾಡು. ಕಾರಿನ ಮಾತು ತೆಗೆಯಬೇಡ, ಊಟ ಆಯ್ತಾ ಅಂತ ಕೇಳು.

ಇತಿ,
ನಿನ್ನ ಮಾವ