ವಿಶೇಷ ಮಕ್ಕಳಿಗೆ ವಾರಕ್ಕೊಂದು ಬೆಳಗ್ಗೆ ಮರದ ನೆರಳು ಸಿಗಲಿ

ಮಾನ್ಯರೇ,

ನನ್ನ ಮಗನಿಗೆ ಒಂಬತ್ತು ವರ್ಷ. ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ಕಳೆದ ಮಳೆಗಾಲದಲ್ಲಿ ಮನೆಯ ಹಿಂದಿನ ಗುಡ್ಡೆಯಲ್ಲಿ ಅವನಿಗೊಂದು ನಾಚಿಕೆ ಮುಳ್ಳಿನ ಗಿಡ ಕಂಡಿತು. ಮುಟ್ಟಿದ, ಎಲೆ ಮುದುಡಿತು. ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಅದು ಮತ್ತೆ ಬಿಚ್ಚಿಕೊಳ್ಳಲು ಹತ್ತು ನಿಮಿಷವಾದರೂ ಬೇಕು. ಥೆರಪಿ ಕೋಣೆಯಲ್ಲಿ ಎರಡು ನಿಮಿಷ ಕೂರದ ಮಗು ಅಷ್ಟು ಹೊತ್ತೂ ಕದಲಲಿಲ್ಲ. ಎಲೆ ಬಿಚ್ಚಿದ ಮೇಲೆ ನನ್ನ ಬೆರಳು ಹಿಡಿದೆಳೆದು ಅದರ ಮೇಲಿಟ್ಟ. ತಾನು ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸುವುದು ಇಂಥ ಮಕ್ಕಳಿಗೆ ಸುಲಭವಲ್ಲ. ಮೂರು ವರ್ಷಗಳಿಂದ ಚಿತ್ರದ ಕಾರ್ಡ್ ಹಿಡಿದು ನಾವು ಕಲಿಸಲು ಹೆಣಗುತ್ತಿದ್ದುದು ಅದನ್ನೇ. ಥೆರಪಿ ಬೇಡವೆನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ನಾಲ್ಕು ಗೋಡೆಯೊಳಗೇ ಎಲ್ಲವೂ ಆಗಬೇಕೆಂದು ನಾವೇಕೆ ಹಟ ಹಿಡಿದಿದ್ದೇವೆ?

ಅವನು ಮೊದಲು ಹೋಗುತ್ತಿದ್ದ ಶಾಲೆಯಲ್ಲಿ ಪ್ರವಾಸದ ಹಿಂದಿನ ದಿನ ಫೋನ್ ಬಂತು, "ನಾಳೆ ಅವನನ್ನು ಮನೆಯಲ್ಲೇ ಇಟ್ಟುಕೊಳ್ಳಿ" ಎಂದು. ಕಟ್ಟಿಟ್ಟ ಚೀಲವನ್ನು ಅವನೆದುರೇ ಬಿಚ್ಚಬೇಕಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟ, ಮನರಂಜನೆಗಳಲ್ಲಿಯೂ ಈ ಮಕ್ಕಳಿಗೆ ಸಮಾನ ಅವಕಾಶ ಕೊಡಬೇಕೆಂದು ಹೇಳುತ್ತದೆ. ಅಂದು ನನಗದು ತಿಳಿದಿರಲಿಲ್ಲ. ತಿಳಿದಿದ್ದರೆ ಸುಮ್ಮನಿರುತ್ತಿರಲಿಲ್ಲ.

ಪ್ರತಿ ಡಿಸೆಂಬರ್ 3ರಂದು, ವಿಶ್ವ ಅಂಗವಿಕಲರ ದಿನದಂದು, ನಮ್ಮ ಮಕ್ಕಳನ್ನು ಸಭಾಂಗಣಕ್ಕೆ ಕರೆಯುತ್ತಾರೆ, ಧ್ವನಿವರ್ಧಕದ ಪಕ್ಕದಲ್ಲೇ ಕೂರಿಸುತ್ತಾರೆ. ಕುಕ್ಕರ್ ಸೀಟಿಗೂ ಕಿವಿ ಮುಚ್ಚಿಕೊಳ್ಳುವ ನನ್ನ ಮಗ ಅಲ್ಲಿ ಅರ್ಧ ಗಂಟೆಯೂ ನಿಲ್ಲಲಾರ. ಪಡುಕೆರೆಯ ಕಡಲಿನ ಮುಂದಾದರೆ ಕಿವಿಯಿಂದ ಕೈ ತೆಗೆದು ಎಷ್ಟು ಹೊತ್ತಾದರೂ ನಿಲ್ಲುತ್ತಾನೆ. ಅಲೆಯ ಸದ್ದೇನೂ ಸಣ್ಣದಲ್ಲವಲ್ಲ!

ನಮ್ಮ ಜಿಲ್ಲೆಗಳಲ್ಲಿ ಜಾಗಕ್ಕೆ ಬರವಿಲ್ಲ. ಉಡುಪಿಗೆ ಬಡಗಬೆಟ್ಟಿನ ವೃಕ್ಷೋದ್ಯಾನವಿದೆ, ಮಂಗಳೂರಿಗೆ ಪಿಲಿಕುಳ ನಿಸರ್ಗಧಾಮವಿದೆ, ತಣ್ಣೀರುಬಾವಿ ಕಡಲತೀರವಿದೆ. ವಾರಕ್ಕೊಂದು ಬೆಳಗ್ಗೆ, ಜನಜಂಗುಳಿ ಸೇರುವ ಮೊದಲು, ಎರಡು ಗಂಟೆ ಧ್ವನಿವರ್ಧಕವಿಲ್ಲದ ಸಮಯವನ್ನು ಈ ಮಕ್ಕಳಿಗೆಂದು ಮೀಸಲಿಡಲಿ. ಗಿಡಮರಗಳ ಪರಿಚಯವಿರುವ ಅರಣ್ಯ ಸಿಬ್ಬಂದಿಯೊಬ್ಬರು ಜೊತೆಗಿರಲಿ. ಅವರು ಹೆಚ್ಚು ಮಾತನಾಡಬೇಕಾಗಿಲ್ಲ, ಎಲೆ ಹಿಸುಕಿ ಮೂಸಲು ಕೊಟ್ಟರೂ ಸಾಕು. ಗಾಲಿಕುರ್ಚಿಯ ಮಕ್ಕಳದ್ದು ಇನ್ನೂ ಕಷ್ಟ. ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ, ಎತ್ತಿಕೊಂಡು ಹೋಗೋಣವೆಂದರೆ ಹದಿಮೂರು ವರ್ಷದ ಮಗುವನ್ನು ತಾಯಿಯೊಬ್ಬಳೇ ಎಷ್ಟು ದೂರ ಎತ್ತಿಯಾಳು? ನೀರಿನ ತನಕ ಗಟ್ಟಿಯಾದೊಂದು ಹಾಸು, ಗಾಲಿಕುರ್ಚಿ ಒಳಗೆ ತಿರುಗುವಷ್ಟು ಅಗಲದ ಶೌಚಾಲಯ, ಇಷ್ಟಾದರೂ ಆಗಲಿ.

ಎರಡೂ ಜಿಲ್ಲಾಡಳಿತಗಳು ಒಂದು ವಾರ, ಒಂದು ಜಾಗವೆಂದು ಶುರು ಮಾಡಲಿ. ಮಳೆಗಾಲವೆಂದು ಮುಂದೂಡುವುದು ಬೇಡ. ನಾಚಿಕೆ ಮುಳ್ಳು ಚಿಗುರುವುದು ಆಗಲೇ, ನಾವು ಕೊಡೆ ಹಿಡಿದುಕೊಂಡು ಬರುತ್ತೇವೆ.

– ಒಬ್ಬ ತಾಯಿ, ಪರ್ಕಳ, ಉಡುಪಿ