ಪಾಪುವಿನ ಕಿವಿಗೆ ಎಣ್ಣೆ ಬಿಡಬೇಡ

ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೆಗಡಿ ಬಂದಾಗಿನಿಂದ ಪಾಪು ಕಿವಿ ಎಳೆದುಕೊಳ್ಳುತ್ತಾನೆ, ರಾತ್ರಿ ಎದ್ದು ಅಳುತ್ತಾನೆ, ಎಣ್ಣೆ ಬಿಡ್ಲಾ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಬೇಡ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ಅವನು ಎದ್ದುಬಿಟ್ಟ. ಅದಕ್ಕೆ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಅಣ್ಣ ಮೂರು ವರ್ಷದವನಿದ್ದಾಗ ಒಂದು ರಾತ್ರಿಯೆಲ್ಲ ಕಿವಿ ಹಿಡಿದುಕೊಂಡು ಅತ್ತ. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿಸಿ ಎರಡು ಹನಿ ಬಿಟ್ಟೆ. ಬೆಳಗಿನ ಜಾವ ಅಳು ನಿಂತಿತು. ಎಣ್ಣೆಯಿಂದಲೇ ವಾಸಿಯಾಯಿತು ಅಂದುಕೊಂಡೆ. ದಿಂಬಿನ ಕವರಿನ ಮೇಲೆ ಹಳದಿ ಕಲೆ, ಅದರ ಅಂಚಿಗೆ ಚೂರು ರಕ್ತ ಇತ್ತು. ಒಗೆದು ಹಾಕಿ ಸುಮ್ಮನಾದೆ. ಒಳಗೆ ಕೀವು ತುಂಬಿ ಕಿವಿ ತಮಟೆ ಒಡೆದಿತ್ತು ಕಣೇ. ಒತ್ತಡ ಇಳಿದಿದ್ದಕ್ಕೆ ನೋವು ನಿಂತಿತ್ತು, ಅಷ್ಟೇ.

ಆಮೇಲೆ ಎರಡು ತಿಂಗಳು ಕಿವಿ ಸೋರುತ್ತಲೇ ಇತ್ತು. ಕರೆದರೆ ತಿರುಗುತ್ತಿರಲಿಲ್ಲ. ಹಟ ಜಾಸ್ತಿ ಆಯ್ತು ಅಂತ ಬೈದೆ. ಮಗುವಿಗೆ ಸರಿಯಾಗಿ ಕೇಳಿಸುತ್ತಿಲ್ಲ ಅಂತ ಇಎನ್‌ಟಿ ಡಾಕ್ಟರು ಹೇಳಿದಾಗ ಬೈದ ಮಾತೆಲ್ಲ ನೆನಪಾಯಿತು. ಔಷಧಿಯಿಂದ ವಾಸಿಯಾಯಿತು, ಆದರೆ ನನ್ನ ಮನಸ್ಸಿನಿಂದ ಅದು ಹೋಗಿಲ್ಲ.

ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಅಡ್ಡಡ್ಡ ಇರುತ್ತದೆ. ಅದಕ್ಕೇ ನೆಗಡಿ ಬೇಗ ಕಿವಿಗೆ ಇಳಿಯುತ್ತದೆ. ಎಷ್ಟೋ ಸಲ ಎರಡು ಮೂರು ದಿನದಲ್ಲಿ ತಾನೇ ಸರಿಹೋಗುತ್ತದೆ, ನಿಜ. ಆದರೆ ನಿನ್ನ ಪಾಪುವಿಗೆ ಇನ್ನೂ ಒಂದೂವರೆ ವರ್ಷ. ನಿದ್ದೆಯಿಂದ ಎದ್ದು ಅಳುತ್ತಾನೆ ಅಂದಮೇಲೆ ನಾಳೆಯೇ ತೋರಿಸು. ಜ್ವರ 102 ದಾಟಿದರೆ, ಕಿವಿ ಸೋರಿದರೆ ಕಾಯಲೇಬೇಡ. ಕಿವಿಯ ಹಿಂದೆ ಕೆಂಪಗೆ ಊದಿ ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ, ಮಗು ಮಂಕಾಗಿ ಎಚ್ಚರವಾಗದಿದ್ದರೆ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡು. ಆಟದ ಸಾಮಾನಿನ ಬಟನ್ ಸೆಲ್ ಕಿವಿಯೊಳಗೆ ಹೋದರೂ ಹಾಗೇ. ಅದು ಕೆಲವೇ ಗಂಟೆಯಲ್ಲಿ ಒಳಗಿನ ಚರ್ಮ ಸುಡುತ್ತದೆ.

ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರಬೇಡ. ತಮಟೆ ತೂತಾಗಿದ್ದರೆ ಕೆಲವು ಡ್ರಾಪ್ಸ್ ಕೇಳುವ ಶಕ್ತಿಗೇ ಪೆಟ್ಟು ಕೊಡುತ್ತವೆ. ವಾಸಿಯಾದ ಮೇಲೂ ಕೆಲವು ವಾರ ಕಿವಿಯೊಳಗೆ ನೀರು ನಿಂತಿರಬಹುದು. ಮೂರು ತಿಂಗಳಾದರೂ ಕರೆದಾಗ ತಿರುಗದಿದ್ದರೆ ಇಲ್ಲಿಗೆ ಕರೆದುಕೊಂಡು ಬಾ. ನಮ್ಮ ವಾಕ್ ಶ್ರವಣ ಸಂಸ್ಥೆಯಲ್ಲಿ ಕೈಕೂಸಿಗೂ ಕಿವಿ ಪರೀಕ್ಷೆ ಮಾಡುತ್ತಾರೆ. ನಾನೇ ಜೊತೆಗೆ ಬರುತ್ತೇನೆ.

ನಿಮ್ಮ ಅತ್ತೆ ಎಣ್ಣೆ ಬಟ್ಟಲು ತಂದರೆ ನನ್ನ ಹೆಸರು ಹೇಳು. ಅವರ ಹತ್ತಿರ ನಾನು ಮಾತಾಡುತ್ತೇನೆ. ಡಾಕ್ಟರು ಏನಂದರು ಅಂತ ನಾಳೆ ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಮ್ಮ